ತೋಕ್ ಪೂ: ಕೊಡಗಿನ ಬೇಲಿ ಹೂವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಬಂತೆಂದರೆ ಈ ಹೂವಿನ ಫೋಟೊ ತೋರಿಸಿ ಪ್ರಶ್ನೆ ಕೇಳುವವರು ಜಾಸ್ತಿಯಾಗುತ್ತಾರೆ. ಕಾಫಿ ತೋಟದವರು, ಹೋಂಸ್ಟೇ ನಡೆಸುವವರು, ಶಾಲೆಯ ಮೇಷ್ಟ್ರು, ಹಬ್ಬಕ್ಕೆ ಮಾತ್ರ ಊರಿಗೆ ಬರುವ ಬೆಂಗಳೂರಿನ ಮಕ್ಕಳು, ಹೀಗೆ ಎಲ್ಲರೂ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ವಿಷದ ಬಗ್ಗೆ ಇರುವ ಭಾಗವನ್ನಾದರೂ ದಯವಿಟ್ಟು ಓದಿ.

## ಮೊದಲ ಪರಿಚಯ

ತೋಕ್ ಪೂ ಅಂದ್ರೆ ಯಾವ ಹೂ? ನಮ್ಮ ಕಡೆ ಬೇರೆ ಏನಾದ್ರೂ ಹೆಸರಿದೆಯಾ?

ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆ ಎತ್ತಿಕೊಂಡು ನಿಲ್ಲುವ ಹೂವೇ ಇದು. ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ತೋಕ್ ಪೂ. ಕನ್ನಡದಲ್ಲಿ ಗೌರಿ ಹೂ, ಅಗ್ನಿಶಿಖೆ ಅನ್ನುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಬಯಲುಸೀಮೆಯಲ್ಲೂ ಇದು ಗೌರಿ ಹೂವೇ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಇಂದಿಗೂ ಹಾಗೇ ಉಳಿದಿದೆ. ತಮಿಳುನಾಡಿಗೆ ಇದು ರಾಜ್ಯ ಪುಷ್ಪ, ಜಿಂಬಾಬ್ವೆಗೆ ರಾಷ್ಟ್ರೀಯ ಪುಷ್ಪ.

ಹೂ ಇಲ್ಲದಾಗ ಬಳ್ಳಿಯನ್ನು ಗುರುತು ಹಿಡಿಯೋದು ಹೇಗೆ?

ಎಲೆಯ ತುದಿ ನೋಡಿ. ಉದ್ದನೆಯ, ತೊಟ್ಟಿಲ್ಲದ, ನುಣುಪಾದ ಹಸಿರು ಎಲೆ. ತುದಿಗೆ ಬರುತ್ತಾ ಸಪೂರವಾಗಿ, ಕೊನೆಗೆ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯಿಂದಲೇ ಪಕ್ಕದ ಕಡ್ಡಿಯನ್ನು ಹಿಡಿದು ಬಳ್ಳಿ ಮೇಲೇರುತ್ತದೆ. ನಮ್ಮ ಬೇಲಿಗಳಲ್ಲಿ ಬಳ್ಳಿಗಳಿಗೇನೂ ಕಡಿಮೆಯಿಲ್ಲ. ಆದರೆ ಹೆಚ್ಚಿನವು ಕಾಂಡವನ್ನೇ ಸುತ್ತಿಕೊಂಡು ಹತ್ತುತ್ತವೆ, ಇಲ್ಲವೇ ಎಲೆಯ ಬುಡದಿಂದ ಕುಡಿ ಬಿಡುತ್ತವೆ. ಎಲೆಯ ತುದಿಯೇ ಕೈಯಾಗಿರುವುದು ಕಂಡರೆ ಅದು ತೋಕ್ ಪೂ ಎಂದು ಧೈರ್ಯವಾಗಿ ಹೇಳಬಹುದು.

ಜೂನ್ ತಿಂಗಳಲ್ಲಿ ಮೊಣಕಾಲೆತ್ತರದ ಒಂಟಿ ಕಾಂಡ ನೆಟ್ಟಗೆ ನಿಂತಿರುತ್ತದೆ. ಆಗ ಸುರುಳಿ ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ಜಾಸ್ತಿ ಗಿಡಗಳು ಕತ್ತಿಗೆ ಸಿಕ್ಕಿ ಹೋಗುವುದು ಆ ಹಂತದಲ್ಲೇ.

ಯಾವ ತಿಂಗಳು, ಎಲ್ಲಿ ನೋಡಬಹುದು? ನಾವು ಕುಟುಂಬ ಸಮೇತ ಬರ್ತಿದ್ದೀವಿ.

ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ ಬನ್ನಿ. ಇದಕ್ಕೆಂದು ಬೆಟ್ಟ ಹತ್ತಬೇಕಿಲ್ಲ. ಬಿಸಿಲು ಬೀಳುವ ಅಂಚುಗಳಲ್ಲಿ ಇರುತ್ತದೆ: ತೋಟದ ಬೇಲಿ, ಗದ್ದೆಯ ಏರಿ, ಕದಂಗದ (ಹಳೆಯ ಕಂದಕದ) ದಡ, ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋಗುವ ಓಣಿಯ ಎರಡೂ ಬದಿ. ಇಂಥ ಜಾಗವನ್ನು ಹೆಸರು ಹೇಳಿ ತೋರಿಸುವುದನ್ನು ನಾನು ನಿಲ್ಲಿಸಿದ್ದೇನೆ. ಗೆಡ್ಡೆ ಅಗೆಯುವವರೂ ಅದೇ ಮಾಹಿತಿ ಹುಡುಕುತ್ತಾರೆ. ನೀವೂ ಫೋಟೊ ಹಾಕುವಾಗ ಲೊಕೇಶನ್ ಹಾಕಬೇಡಿ. 'ಕೊಡಗು' ಅಂದರೆ ಸಾಕು.

ಕೈಲ್‌ಪೊಳ್ದ್ ದಿನ ಕೋವಿಗೆ ಇದೇ ಹೂ ಯಾಕೆ ಇಡೋದು?

ನಾಟಿ ಕೆಲಸ ಮುಗಿದ ಮೇಲೆ ಬರುವ ಹಬ್ಬ ಕೈಲ್‌ಪೊಳ್ದ್. ಈಗ ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ ಆಚರಿಸುತ್ತಾರೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಒರೆಸಿ, ದೀಪದ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ಕೋವಿಯ ತುದಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಆಮೇಲೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು), ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ.

ಈ ಹೂವೇ ಯಾಕೆ ಎಂದು ಒಬ್ಬೊಬ್ಬ ಹಿರಿಯರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ಎದ್ದು ಕಾಣುವುದು ಕಾಲ. ನಾಟಿ ಮುಗಿದು, ಮಳೆ ಸ್ವಲ್ಪ ಹಿಂದೆ ಸರಿದು, ಜನ ಉಸಿರು ಬಿಡುವ ಹೊತ್ತಿಗೆ ಬೇಲಿಯಲ್ಲಿ ಹೊಳೆಯುವ ಹೂ ಇದು. ಇತ್ತೀಚೆಗೆ ಕೆಲವು ಮನೆಗಳಲ್ಲಿ ಪೇಟೆಯಿಂದ ತಂದ ಚೆಂಡು ಹೂ ಇಟ್ಟು ಪೂಜೆ ಮುಗಿಸುತ್ತಾರೆ. ಹುಡುಕಿದರೂ ತೋಕ್ ಪೂ ಸಿಗಲಿಲ್ಲ ಎನ್ನುತ್ತಾರೆ. ಆ ಮಾತು ಕೇಳಿದ ಮೇಲೆಯೇ ಈ ಹೂವಿನ ವಿಷಯ ಎಲ್ಲರ ಹತ್ತಿರ ಮಾತಾಡಬೇಕು ಅನ್ನಿಸಿದ್ದು.

ಹಬ್ಬಕ್ಕೆ ಹೂ ಕಿತ್ತರೆ ಗಿಡಕ್ಕೆ ತೊಂದರೆ ಅಲ್ವಾ? ಕೀಳೋದು ಬಿಡಬೇಕಾ?

ಬಿಡಬೇಕಿಲ್ಲ. ಒಂದು ಬಳ್ಳಿಯಲ್ಲಿ ಹಲವು ಹೂ ಬಿಡುತ್ತವೆ. ಪೂಜೆಗೆ ಒಂದೆರಡು ಹೂವನ್ನು ತೊಟ್ಟಿನ ಹತ್ತಿರ ಚಿವುಟಿ ತಂದರೆ ಏನೂ ಆಗುವುದಿಲ್ಲ. ಬಳ್ಳಿ ಎಳೆಯಬೇಡಿ, ಅಷ್ಟೇ. ಕಾಂಡ ಬುಡದಲ್ಲಿ ಬಹಳ ಮೆದು. ಎಳೆದರೆ ಲಟಕ್ಕೆಂದು ಮುರಿಯುತ್ತದೆ, ಆ ವರ್ಷದ ಕಥೆ ಅಲ್ಲಿಗೆ ಮುಗಿಯಿತು.

ಹಬ್ಬದಿಂದ ಈ ಹೂ ಕಡಿಮೆಯಾಯಿತು ಎಂದು ಹೇಳುವವರ ಜತೆ ನನಗೆ ಒಪ್ಪಿಗೆ ಇಲ್ಲ. ತಲೆತಲಾಂತರದಿಂದ ಕಿತ್ತರೂ ಉಳಿದುಕೊಂಡು ಬಂದ ಗಿಡ ಇದು. ಹಬ್ಬಕ್ಕೆ ಬೇಕು ಎಂಬ ಕಾರಣಕ್ಕೇ ಎಷ್ಟೋ ಮನೆಯವರು ಬೇಲಿಯಲ್ಲಿ ಇದನ್ನು ಉಳಿಸಿಕೊಂಡಿದ್ದಾರೆ.

## ಅಪರೂಪ ಆಗಿದ್ದು ಹೇಗೆ

ಆಫ್ರಿಕಾದಲ್ಲೂ ಇದೆಯಂತೆ, ತಮಿಳುನಾಡಿನಲ್ಲಿ ಹೊಲದಲ್ಲೇ ಬೆಳೀತಾರಂತೆ. ಹಾಗಾದ್ರೆ ಅಪರೂಪ ಅನ್ನೋದು ಸುಮ್ನೆ ಅಲ್ವಾ?

ಪ್ರಶ್ನೆ ಸರಿಯಾಗಿದೆ. ಜಗತ್ತಿನಿಂದ ಈ ಗಿಡ ಅಳಿದುಹೋಗುವ ಭಯ ಸದ್ಯಕ್ಕಿಲ್ಲ. ಆಫ್ರಿಕಾದ ದೊಡ್ಡ ಭಾಗದಲ್ಲಿ, ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾದಲ್ಲಿ ಇದೆ. ಆಸ್ಟ್ರೇಲಿಯಾದ ಕರಾವಳಿಯಲ್ಲಿ ಹೊರಗಿನಿಂದ ಹೋಗಿ ಕಳೆಯಾಗಿ ಕಾಡುತ್ತಿದೆ.

ಆದರೆ ಆಫ್ರಿಕಾದಲ್ಲಿ ಇದ್ದರೆ ನಮ್ಮ ಓಣಿಯಲ್ಲಿ ಇದ್ದ ಹಾಗಾಯಿತೇ? ಒಂದು ಊರಿನ ಬೇಲಿಗಳಿಂದ ಹೋದರೆ ಆ ಊರಿನ ಚಿಟ್ಟೆಗೆ, ಆ ಊರಿನ ಹಬ್ಬಕ್ಕೆ ಅದು ಹೋದ ಹಾಗೆಯೇ. ಮೂರ್ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಒಗ್ಗಿ ಬೆಳೆದ ಬಳ್ಳಿಗೂ, ತಮಿಳುನಾಡಿನ ಧಾರಾಪುರದ ಒಣ ಹೊಲದಲ್ಲಿ ಬೆಳೆದ ಬಳ್ಳಿಗೂ ಹೆಸರು ಒಂದೇ. ಇಲ್ಲಿಯದು ಹೋದ ಮೇಲೆ ಅಲ್ಲಿಯದನ್ನು ತಂದು ನೆಟ್ಟರೆ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ.

ನಾವು ಚಿಕ್ಕವರಿದ್ದಾಗ ತೋಟದ ಬೇಲಿ ತುಂಬಾ ಇತ್ತು. ಈಗ ಒಂದೂ ಇಲ್ಲ. ಏನಾಯ್ತು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಉದ್ದ ಇದೆ, ಯಾಕೆಂದರೆ ಕಾರಣ ಒಂದಲ್ಲ.

ಮೊದಲು ಮಣ್ಣಿನ ಒಳಗೆ ಏನಾಗುತ್ತದೆ ಎಂದು ತಿಳಿಯಬೇಕು. ನೆಲದಡಿಯ ಗೆಡ್ಡೆ ನೇಗಿಲಿನ ಹಾಗೆ ಬಾಗಿ, ಎರಡು ತೋಳು ಚಾಚಿರುತ್ತದೆ. ಮೊಳಕೆ ಬರುವುದು ತೋಳಿನ ತುದಿಯಿಂದ. ಮುಂಗಾರು ಶುರುವಾದಾಗ ಮೊಳಕೆ ಮೇಲೆದ್ದು, ಹಳೆಯ ಗೆಡ್ಡೆಯಲ್ಲಿದ್ದ ಸತ್ವವನ್ನೆಲ್ಲ ಹೀರಿಕೊಂಡು ಬಳ್ಳಿಯಾಗುತ್ತದೆ. ಹಳೆಯ ಗೆಡ್ಡೆ ಬತ್ತಿ ಹೋಗುತ್ತದೆ. ಎಲೆಗಳು ಬಿಸಿಲಿನಲ್ಲಿ ದುಡಿದು ಕಾಂಡದ ಬುಡದಲ್ಲಿ ಹೊಸ ಗೆಡ್ಡೆ ಕಟ್ಟುತ್ತವೆ. ಪ್ರತಿ ವರ್ಷವೂ ಹೀಗೆ ಹೊಸ ಗೆಡ್ಡೆ. ಅಂದರೆ ಜುಲೈನಲ್ಲಿ ಬಳ್ಳಿ ಕಡಿದರೆ ಹಳೆಯದು ಖಾಲಿ, ಹೊಸದು ಇನ್ನೂ ಬೆರಳಷ್ಟೂ ಇಲ್ಲ. ಮುಂದಿನ ವರ್ಷ ಸಣ್ಣ ಬಳ್ಳಿ ಬರುತ್ತದೆ, ಹೂ ಬಿಡುವುದಿಲ್ಲ. ಮತ್ತೆ ಕಡಿದರೆ ಇನ್ನೂ ಸಣ್ಣದು. ಹೀಗೆ ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ಮುಗಿಯುತ್ತದೆ. ಯಾರೂ ಬೇಕೆಂದು ಕಿತ್ತು ಹಾಕಿರುವುದಿಲ್ಲ. ಹಾಗಾಗಿ ಏನಾಯಿತು ಎಂದೇ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನೆಲದ ಮೇಲೆ ಬನ್ನಿ. ಮೊದಲು ಬೇಲಿ ಅಂದರೆ ಜೀವಂತ ಗಿಡಗಳ ಸಾಲು. ದಾಸವಾಳ, ಗ್ಲಿರಿಸಿಡಿಯಾ, ಮುಳ್ಳಿನ ಪೊದೆ, ಅದರ ಮೇಲೆ ಹತ್ತಾರು ಬಳ್ಳಿ. ಈಗ ಸಿಮೆಂಟ್ ಕಂಬ, ಮುಳ್ಳುತಂತಿ. ಆನೆ ಕಾಟ ಇರುವ ಕಡೆ ಸೋಲಾರ್ ಬೇಲಿ. ಸೋಲಾರ್ ತಂತಿಗೆ ಒಂದು ಹಸಿರು ಎಲೆ ತಾಗಿದರೂ ಕರೆಂಟ್ ಸೋರುತ್ತದೆ. ಹಾಗಾಗಿ ಅದರ ಅಡಿಯನ್ನು ಮಳೆಗಾಲವಿಡೀ ಬೋಳಾಗಿ ಇಡಬೇಕು. ಆನೆಗೆ ಹೆದರಿ ಬದುಕುವವರಿಗೆ ಸೋಲಾರ್ ಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ತೋಕ್ ಪೂ ಬೇಕಾಗಿದ್ದ ಜಾಗ ಸರಿಯಾಗಿ ಅದೇ.

ಕಳೆನಾಶಕ ಇನ್ನೊಂದು. ಆಳು ಸಿಗುವುದಿಲ್ಲ, ಕೂಲಿ ಏರಿದೆ, ಔಷಧಿ ಹೊಡೆದರೆ ಒಂದೇ ದಿನಕ್ಕೆ ಕೆಲಸ ಮುಗಿಯುತ್ತದೆ. ಗ್ಲೈಫೋಸೇಟ್‌ನಂಥ ಔಷಧಿ ಎಲೆಯಿಂದ ಇಳಿದು ಬೇರು, ಗೆಡ್ಡೆಯ ತನಕ ಹೋಗುತ್ತದೆ. ಕತ್ತಿಯಲ್ಲಿ ಕಡಿದ ಬಳ್ಳಿಗೆ ಮುಂದಿನ ವರ್ಷದ ಆಸೆ ಸ್ವಲ್ಪವಾದರೂ ಇರುತ್ತದೆ. ಹೀಗೆ ಸುಟ್ಟ ಬಳ್ಳಿಗೆ ಅದೂ ಇಲ್ಲ. ಕಳೆ ಕಡಿಯುವ ಮೆಷಿನ್‌ನದೂ ಹೆಚ್ಚುಕಡಿಮೆ ಇದೇ ಪಾಡು. ಕತ್ತಿ ಹಿಡಿದವರು ಹೂ ಕಂಡರೆ ಪಕ್ಕಕ್ಕೆ ಸರಿದು ಕಡಿಯುತ್ತಿದ್ದರು. ಮೆಷಿನ್ ಹಿಡಿದವರಿಗೆ ಮುಖಕ್ಕೆ ಕನ್ನಡಕ, ಕಿವಿಗೆ ಶಬ್ದ. ಹೂ ಕಾಣುವುದಾದರೂ ಹೇಗೆ?

ಆಮೇಲೆ ಜೆಸಿಬಿ. ರಸ್ತೆ ಅಗಲ ಮಾಡಲು, ಮನೆ ಕಟ್ಟಲು, ಹೋಂಸ್ಟೇಗೆ ಕಾರು ನಿಲ್ಲಿಸಲು ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿಯುತ್ತಾರೆ. ಗೆಡ್ಡೆ ಇರುವುದು ಬರೆಯ ಮೇಲ್ಮಣ್ಣಿನಲ್ಲೇ. ಅದು ಟಿಪ್ಪರ್‌ನಲ್ಲಿ ಎಲ್ಲಿಗೋ ಹೋಗಿ ಯಾವುದೋ ಗುಂಡಿ ತುಂಬುತ್ತದೆ. ಗದ್ದೆಗಳು ಪಾಳು ಬಿದ್ದೋ, ಶುಂಠಿಗೆ ತಿರುಗಿಯೋ, ಸೈಟ್ ಆಗಿಯೋ ಹೋದಾಗ ಏರಿಗಳೂ ಜತೆಗೇ ಹೋಗುತ್ತವೆ. ಗೆಡ್ಡೆ ಅಗೆದು ಮಾರುವವರಿಂದಲೂ ನಷ್ಟ ಇದೆ. ಆದರೆ ಕೊಡಗಿನಲ್ಲಿ ದೊಡ್ಡ ಹೊಡೆತ ಬಿದ್ದಿರುವುದು ಅಂಚುಗಳನ್ನು ಬೋಳು ಮಾಡುವುದರಿಂದ ಎಂಬುದೇ ನನ್ನ ಅಭಿಪ್ರಾಯ.

ದೇವರಕಾಡುಗಳಿವೆ, ಅಭಯಾರಣ್ಯಗಳಿವೆ. ಅಲ್ಲಿ ಉಳಿಯುತ್ತಲ್ವಾ?

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಇವೆ. ಆದರೆ ತೋಕ್ ಪೂ ದಟ್ಟ ಕಾಡಿನ ಗಿಡ ಅಲ್ಲ. ಮರಗಳ ಕೊಡೆ ಮುಚ್ಚಿಕೊಂಡ ಕಡೆ ಅದಕ್ಕೆ ಬೆಳಕು ಸಾಲದು. ದೇವರಕಾಡಿನ ಅಂಚಿನಲ್ಲಿ, ಕಾಡು ಮುಗಿದು ಗದ್ದೆ ಶುರುವಾಗುವ ಕಡೆ ಇರುತ್ತದೆ. ಒತ್ತುವರಿ ಮೊದಲು ತಿನ್ನುವುದು ಅದೇ ಅಂಚನ್ನು. ಕಾಡು ಉಳಿಸಿದರೆ ಹುಲಿ, ಆನೆ ಉಳಿಯುತ್ತವೆ. ಈ ಹೂ ಉಳಿಯಬೇಕಾದರೆ ಖಾಸಗಿ ಜಮೀನಿನ ಅಂಚು ಉಳಿಯಬೇಕು.

ಲಂಟಾನ ಪೊದೆ ಕಿತ್ತು ಹಾಕಿದ್ರೆ ತೋಕ್ ಪೂಗೆ ಒಳ್ಳೇದಲ್ವಾ?

ಒಳ್ಳೆಯದೇ, ಆದರೆ ನೋಡಿಕೊಂಡು. ಬೇರೆ ಆಸರೆ ಇಲ್ಲದ ಕಡೆ ತೋಕ್ ಪೂ ಲಂಟಾನವನ್ನೇ ಹತ್ತಿ ಬದುಕಿರುತ್ತದೆ. ಬೇಸಿಗೆಯಲ್ಲಿ ಪೊದೆಯನ್ನು ಬುಡಸಮೇತ ಅಗೆದರೆ ನಿದ್ದೆಯಲ್ಲಿರುವ ಗೆಡ್ಡೆಯೂ ಮೇಲೆ ಬರುತ್ತದೆ. ಮಳೆಗಾಲದಲ್ಲೇ ಹೂ ಇರುವ ಜಾಗಕ್ಕೆ ಗೂಟ ಹೊಡೆದು ಗುರುತಿಟ್ಟುಕೊಳ್ಳಿ. ಅಲ್ಲಿ ಮಾತ್ರ ಅಗೆಯಬೇಡಿ, ಲಂಟಾನದ ಕೊಂಬೆ ಕಡಿದು ಬಿಡಿ. ಹತ್ತಲು ನಾಲ್ಕು ಒಣ ಕಡ್ಡಿ ನೆಟ್ಟರೆ ಸಾಕು.

## ವಿಷದ ವಿಚಾರ

ಮುಟ್ಟಿದ್ರೂ ವಿಷನಾ? ಮನೇಲಿ ಚಿಕ್ಕ ಮಕ್ಕಳಿದ್ದಾರೆ.

ಹೂ ಮುಟ್ಟಿದರೆ ಏನೂ ಆಗುವುದಿಲ್ಲ. ಕೈ ತೊಳೆದರೆ ಸಾಕು. ತಿಂದರೆ ಮಾತ್ರ ಪ್ರಾಣಕ್ಕೇ ಅಪಾಯ. ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ. ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಕಾಯಿ ಒಣಗಿ ಬಿರಿದಾಗ ಒಳಗೆ ಕಿತ್ತಳೆಗೆಂಪು ಬೀಜಗಳು ಸಾಲಾಗಿ ಕಾಣುತ್ತವೆ. ಮಕ್ಕಳ ಕೈ ಹೋಗುವುದು ಅಲ್ಲಿಗೇ. ಅಂಗಳದ ಹತ್ತಿರ ಇದ್ದರೆ ಬಿರಿಯುವ ಮೊದಲೇ ಕಾಯಿ ಕೊಯ್ದು, ಮಕ್ಕಳಿಗೆ ಸಿಗದ ಕಡೆ ಇಡಿ. 'ಮುಟ್ಟಬೇಡ' ಎಂದು ಗದರುವುದಕ್ಕಿಂತ 'ನೋಡು, ಬಾಯಿಗೆ ಹಾಕಬೇಡ' ಎಂದು ಕಲಿಸುವುದು ಒಳ್ಳೆಯದು.

ಇನ್ನೊಂದು ಅಪಾಯ ನಮ್ಮ ಕಡೆಯದೇ. ನವೆಂಬರ್-ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಗೆಣಸು ಅಗೆಯುತ್ತೇವೆ. ಅದೇ ಸಮಯಕ್ಕೆ ತೋಕ್ ಪೂ ಬಳ್ಳಿ ಒಣಗಿ ಕಾಣದಂತಾಗಿರುತ್ತದೆ, ಗೆಡ್ಡೆ ಮಾತ್ರ ನೆಲದಲ್ಲಿರುತ್ತದೆ. ಗೆಣಸೆಂದು ತಪ್ಪಾಗಿ ತಿಳಿದು ಈ ಗೆಡ್ಡೆ ಬೇಯಿಸಿ ತಿಂದು ಸತ್ತವರು ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಇದ್ದಾರೆ. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ. ಬೇಲಿ ಬದಿಯಲ್ಲಿ ಸಿಕ್ಕಿದ, ಬಳ್ಳಿ ಯಾವುದೆಂದು ಗೊತ್ತಿಲ್ಲದ ಗೆಡ್ಡೆಯನ್ನು ಅಡುಗೆಮನೆಗೆ ತರಲೇಬೇಡಿ.

ಯಾರಾದ್ರೂ ತಿಂದುಬಿಟ್ಟರೆ ತಕ್ಷಣ ಏನು ಮಾಡಬೇಕು?

108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ತಿಂದ ಮೇಲೆ ಕೆಲವು ಗಂಟೆ ಏನೂ ಆಗದೇ ಇರಬಹುದು. ಆಮೇಲೆ ಬಾಯಿ ಗಂಟಲು ಉರಿ, ವಾಂತಿ, ಭೇದಿ ಶುರುವಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಿಂದ ಗೆಡ್ಡೆಯದೋ ಬೀಜದ್ದೋ ತುಂಡು ಜತೆಗೆ ತೆಗೆದುಕೊಂಡು ಹೋಗಿ, ವೈದ್ಯರಿಗೆ 'ಗ್ಲೋರಿಯೋಸಾ, ಕಾಲ್ಚಿಸಿನ್' ಎಂದು ಸ್ಪಷ್ಟವಾಗಿ ಹೇಳಿ.

ಮುಖ್ಯವಾದ ಮಾತು: ವಾಂತಿ ಭೇದಿ ನಿಂತಿತೆಂದು ಮನೆಗೆ ಕರೆದುಕೊಂಡು ಬರಬೇಡಿ. ಈ ವಿಷ ಒಂದೆರಡು ದಿನ ಬಿಟ್ಟು ಮೂಳೆಮಜ್ಜೆ, ಮೂತ್ರಪಿಂಡ, ಹೃದಯಕ್ಕೆ ಹೊಡೆಯುತ್ತದೆ. ಚೇತರಿಸಿಕೊಂಡವರಲ್ಲಿ ಒಂದೆರಡು ವಾರದ ನಂತರ ಕೂದಲು ಉದುರುವುದೂ ಉಂಟು. ವೈದ್ಯರು ಬಿಡುವ ತನಕ ಆಸ್ಪತ್ರೆಯಲ್ಲೇ ಇರಬೇಕು.

ಮದ್ದ್ ಸೊಪ್ಪಿನ ಹಾಗೆ ಇದೂ ಔಷಧಿ ಅಲ್ವಾ? ಅಜ್ಜಿ ಉಪಯೋಗಿಸ್ತಿದ್ರಂತೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಪಾಯಸ ಮಾಡುವ ಮದ್ದ್ ಸೊಪ್ಪು ತಿನ್ನುವ ಸೊಪ್ಪು. ತೋಕ್ ಪೂ ಗೆಡ್ಡೆಯನ್ನು ಆಯುರ್ವೇದವೇ ಉಪವಿಷಗಳ ಸಾಲಿಗೆ ಸೇರಿಸಿದೆ. ಶುದ್ಧಿ ಮಾಡದೆ ಬಳಸುವ ಮಾತೇ ಅಲ್ಲಿಲ್ಲ. ಹಿಂದೆ ಹೆರಿಗೆ ಬೇಗ ಆಗಲೆಂದು ಗೆಡ್ಡೆ ಅರೆದು ಮೈಮೇಲೆ ಹಚ್ಚುತ್ತಿದ್ದ ಪದ್ಧತಿ ಇತ್ತು. ಇವತ್ತು ಆಸ್ಪತ್ರೆ ಇರುವಾಗ ಅದನ್ನು ಮಾಡುವುದು ತಾಯಿ ಮಗು ಇಬ್ಬರ ಜೀವದ ಜತೆ ಆಟ. ಅಜ್ಜಿಗೆ ಗೊತ್ತಿದ್ದ ಪ್ರಮಾಣ ನಮಗೆ ಗೊತ್ತಿಲ್ಲ. ಮನೆಮದ್ದಾಗಿ ಇದನ್ನು ಮುಟ್ಟಲೇಬೇಡಿ.

ಬೇಲಿಯಲ್ಲಿ ಇದ್ರೆ ಹಾವು ಬರಲ್ಲ ಅಂತಾರೆ, ನಿಜನಾ?

ಇಲ್ಲ. ಹಾವಿಗೂ ಇದಕ್ಕೂ ಸಂಬಂಧ ಇಲ್ಲ. ಹಾವು ಕಚ್ಚಿದರೆ ಗೆಡ್ಡೆ ಅರೆಯುತ್ತಾ ಕೂರಬೇಡಿ. ಆಸ್ಪತ್ರೆಯ ಆ್ಯಂಟಿವೆನಮ್ ಒಂದೇ ಮದ್ದು.

## ಉಳಿಸಿಕೊಳ್ಳುವುದು

ಕಳೆ ಕಡಿಯದೆ ತೋಟ ಮಾಡೋಕಾಗುತ್ತಾ? ನಮ್ಮ ಕಷ್ಟ ನಿಮಗೇನು ಗೊತ್ತು?

ಕಡಿಯಬೇಡಿ ಎಂದು ಹೇಳುತ್ತಿಲ್ಲ. ತೋಟದ ಒಳಗೆ ಬೇಕಾದ ಹಾಗೆ ಮಾಡಿ. ಅಂಚಿನಲ್ಲಿ ಒಂದು ಮೀಟರ್ ಅಗಲದ ಪಟ್ಟಿ ಮಾತ್ರ ಜೂನ್‌ನಿಂದ ಹುತ್ತರಿಯ ತನಕ ಬಿಡಿ. ಅಲ್ಲಿ ಔಷಧಿ ಬೇಡ, ಮೆಷಿನ್ ಬೇಡ. ಸುತ್ತಲೂ ಬಿಡಲು ಆಗದಿದ್ದರೆ ತೋಕ್ ಪೂ ಇರುವ ಹತ್ತಡಿ ಬಿಡಿ. ಕೈಲ್‌ಪೊಳ್ದ್‌ಗೆ ಹೂ, ಹುತ್ತರಿಗೆ ಬೀಜ ಎಂದು ನೆನಪಿಟ್ಟುಕೊಳ್ಳಿ. ಹುತ್ತರಿ ಹೊತ್ತಿಗೆ ಬಳ್ಳಿ ತಾನಾಗಿ ಹಳದಿಯಾಗಿ ಒಣಗುತ್ತದೆ, ಗೆಡ್ಡೆ ತುಂಬಿರುತ್ತದೆ, ಕಾಯಿ ಬಿರಿದಿರುತ್ತದೆ. ಆಮೇಲೆ ನೆಲಮಟ್ಟಕ್ಕೆ ಕಡಿದು ಸ್ವಚ್ಛ ಮಾಡಿದರೂ ಗಿಡಕ್ಕೆ ನಷ್ಟ ಇಲ್ಲ.

ಕೆಲಸಕ್ಕೆ ಬರುವವರಿಗೆ ಮೊದಲೇ ತೋರಿಸಿ. ತುಂಬಾ ತೋಟಗಳಲ್ಲಿ ಈಗ ಹೊರರಾಜ್ಯದ ಕಾರ್ಮಿಕರಿದ್ದಾರೆ. ಅವರಿಗೆ ಇದು ಇನ್ನೊಂದು ಕಳೆ, ಅಷ್ಟೇ. ಬಣ್ಣದ ಬಟ್ಟೆ ಕಟ್ಟಿದ ಗೂಟವಾದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಸೋಲಾರ್ ಬೇಲಿ ಇದ್ದವರು ತಂತಿಯಿಂದ ಒಳಗೆ ನಾಲ್ಕು ಹೆಜ್ಜೆ ದೂರದಲ್ಲಿ ಈ ಪಟ್ಟಿ ಇಟ್ಟುಕೊಳ್ಳಬಹುದು.

ಬೀಜದಿಂದ ಬೆಳೆಸಬಹುದಾ? ಎಷ್ಟು ವರ್ಷ ಬೇಕು?

ಬೆಳೆಸಬಹುದು, ತಾಳ್ಮೆ ಬೇಕು. ಬಿರಿದ ಕಾಯಿಯ ಬೀಜ ತೆಗೆದು, ಕೈಗವಸು ಹಾಕಿ ಮೇಲಿನ ಕೆಂಪು ಸಿಪ್ಪೆ ಉಜ್ಜಿ ತೆಗೆದು, ಮರಳು ಬೆರೆಸಿದ ಸಡಿಲ ಮಣ್ಣಿನಲ್ಲಿ ಅರ್ಧ ಇಂಚು ಆಳಕ್ಕೆ ಹಾಕಿ. ಮೊಳಕೆಗೆ ಕೆಲವು ತಿಂಗಳೇ ಬೇಕಾಗುತ್ತದೆ, ಎಲ್ಲವೂ ಒಟ್ಟಿಗೆ ಮೊಳೆಯುವುದೂ ಇಲ್ಲ. ಕುಂಡ ಎಸೆದುಬಿಡಬೇಡಿ. ಮೊದಲ ವರ್ಷ ಹುಲ್ಲಿನಂಥ ಒಂದೆರಡು ಎಲೆ ಬಂದು ಒಣಗುತ್ತದೆ. ಸತ್ತುಹೋಯಿತು ಎಂದುಕೊಳ್ಳುವವರೇ ಜಾಸ್ತಿ. ಅಡಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗೆಡ್ಡೆ ಮಲಗಿರುತ್ತದೆ. ಬಳ್ಳಿ ಒಣಗಿದ ಮೇಲೆ ನೀರು ಹಾಕಬೇಡಿ, ಕೊಳೆಯುತ್ತದೆ. ಹೂ ಬರಲು ಮೂರು ನಾಲ್ಕು ವರ್ಷ.

ಹೊರಗೆ ನೆಡುವುದಾದರೆ ಇಳಿಜಾರು ಆರಿಸಿ. ನಮ್ಮ ಜಡಿಮಳೆಯಲ್ಲಿ ನೀರು ನಿಲ್ಲುವ ಜಾಗದಲ್ಲಿ ಗೆಡ್ಡೆ ಉಳಿಯುವುದಿಲ್ಲ. ಏರಿ, ಕದಂಗದ ದಡ, ಬರೆಗಳಲ್ಲಿ ಇದು ಬೆಳೆಯುತ್ತಿದ್ದುದೂ ಅದಕ್ಕೇ.

ರಸ್ತೆ ಬದಿಯಲ್ಲಿದೆ, ಹೇಗೂ ಹೋಗುತ್ತೆ. ಅಗೆದು ತಂದು ಮನೇಲಿ ನೆಡಲಾ?

ಅಲ್ಲಿ ಕೆಲಸ ಶುರುವಾಗುವುದು ಖಚಿತವಾಗಿದ್ದರೆ ಮಾತ್ರ, ಜಾಗದವರನ್ನು ಕೇಳಿ ತನ್ನಿ. ಸುಮ್ನೆ ಆಸೆಗೆ ಅಗೆಯಬೇಡಿ. ಹೂ ಇರುವಾಗ ಕಿತ್ತ ಬಳ್ಳಿ ಬದುಕುವುದು ಕಷ್ಟ. ಜನವರಿ, ಫೆಬ್ರವರಿಯಲ್ಲಿ, ಗೆಡ್ಡೆ ಮಲಗಿರುವಾಗ ಅಗೆಯಬೇಕು. ದೂರದಿಂದ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ. ತೋಳಿನ ತುದಿ ಮುರಿದರೆ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಮೊಳೆಯುವುದಿಲ್ಲ. ಅಡ್ಡ ಮಲಗಿಸಿ, ಮೂರು ನಾಲ್ಕು ಇಂಚು ಮಣ್ಣು ಮುಚ್ಚಿ. ಮೀಸಲು ಅರಣ್ಯ, ಅಭಯಾರಣ್ಯದಿಂದ ತರುವುದು ಅಪರಾಧ, ಆ ಯೋಚನೆಯೇ ಬೇಡ.

ನರ್ಸರಿಯಲ್ಲಿ ಇದೇ ಹೂ ಮಾರ್ತಾರೆ. ಅದನ್ನೇ ನೆಟ್ಟರೆ ಆಯ್ತಲ್ಲ?

ಅಲಂಕಾರಕ್ಕೆ ಮಾರುವುದು ಹೆಚ್ಚಾಗಿ ರಾತ್ಸ್‌ಚೈಲ್ಡಿಯಾನಾ ಎಂಬ ತಳಿ. ಎಸಳು ಅಗಲ, ಕಡುಗೆಂಪು, ಅಂಚಿನಲ್ಲಿ ಮಾತ್ರ ಹಳದಿ. ನಮ್ಮ ಕಾಡು ಹೂವಿನ ಎಸಳು ಕಿರಿದು, ಅಂಚು ಜಾಸ್ತಿ ಸುಕ್ಕು. ಮಡಿಕೇರಿ ಪೇಟೆಯ ಮಹಡಿಯ ಕುಂಡದಲ್ಲಿ ಆ ತಳಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಕಾಡು ಬಳ್ಳಿ ಇನ್ನೂ ಉಳಿದಿರುವ ಓಣಿಯಲ್ಲಿ ನೆಡಬೇಡಿ. ಎರಡೂ ಒಂದೇ ಜಾತಿಗೆ ಸೇರಿದವು, ಪರಾಗ ಬೆರೆತರೆ ಇಲ್ಲಿಯ ಬಳ್ಳಿ ಇಲ್ಲಿಯದಾಗಿ ಉಳಿಯುವುದಿಲ್ಲ.

ಎಲೆಯನ್ನೆಲ್ಲ ಹುಳ ತಿಂದಿದೆ. ಔಷಧಿ ಹೊಡೀಬಹುದಾ?

ಕಪ್ಪು ಮೈ, ಅದರ ಮೇಲೆ ಬಿಳಿ ಮಚ್ಚೆ, ಕೆಂಪು ಚುಕ್ಕೆ ಇರುವ ಹುಳವೇ? ಅದು ಪೊಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿ. ಹೆಸರಿನಲ್ಲೇ ಈ ಗಿಡ ಇದೆ. ನಮಗೆ ವಿಷವಾದ ಎಲೆಯೇ ಅದಕ್ಕೆ ಊಟ. ಬಳ್ಳಿಗಳು ಹಲವು ಇದ್ದರೆ ಬಿಟ್ಟುಬಿಡಿ. ಒಂದೇ ಎಳೆಯ ಬಳ್ಳಿ ಇದ್ದರೆ ಹುಳುಗಳನ್ನು ಕಡ್ಡಿಯಿಂದ ತೆಗೆದು ಬೇರೆ ದೊಡ್ಡ ಬಳ್ಳಿಗೆ ಬಿಡಿ. ಔಷಧಿ ಹೊಡೆದರೆ ಮಕರಂದಕ್ಕೆ ಬರುವ ಚಿಟ್ಟೆಗಳೂ ಸಾಯುತ್ತವೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೂವಿನ ಆಕಾರ ಯಾಕೆ ಹೀಗೆ ತಲೆಕೆಳಗು?

ಒಂದು ಹೂವನ್ನು ಹತ್ತಿರದಿಂದ ನೋಡಿ. ಮೊಗ್ಗು ಹಸಿರಾಗಿ ಕೆಳಗೆ ತೂಗುತ್ತದೆ. ಅರಳುತ್ತಿದ್ದಂತೆ ಆರು ಎಸಳುಗಳೂ ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂ ಕೆಂಪಾಗುತ್ತದೆ. ಆರು ಕೇಸರಗಳು ಸುತ್ತಲೂ ಅಡ್ಡಡ್ಡ ಚಾಚಿಕೊಂಡಿರುತ್ತವೆ. ನಡುವಿನ ಹಸಿರು ಅಂಡಾಶಯದಿಂದ ಹೊರಟ ಶಲಾಕೆ (ತುದಿಯಲ್ಲಿ ಪರಾಗ ಹಿಡಿಯುವ ಕಡ್ಡಿ) ನೇರ ಹೋಗದೆ, ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ತಿರುಗಿ ಹೂವಿನ ಹೊರಗೆ ಹೋಗುತ್ತದೆ.

ಮಕರಂದ ಇರುವುದು ಎಸಳಿನ ಬುಡದಲ್ಲಿ. ಪರಾಗ ಇರುವುದು ದೂರದ ಕೇಸರದ ತುದಿಯಲ್ಲಿ. ಸಣ್ಣ ಜೇನುನೊಣ ನಡುವೆ ನುಸುಳಿ ಮಕರಂದ ಕುಡಿದು ಹೋದರೆ ಹೂವಿಗೆ ಏನೂ ಲಾಭವಿಲ್ಲ. ದೊಡ್ಡ ರೆಕ್ಕೆಯ ಚಿಟ್ಟೆ ಬಂದು ಪಟಪಟ ಬಡಿದರೆ ಕೇಸರ ರೆಕ್ಕೆಗೆ ತಾಗುತ್ತದೆ, ಮುಂದಿನ ಹೂವಿನ ಶಲಾಕೆಗೂ ಅದೇ ರೆಕ್ಕೆ ತಾಗುತ್ತದೆ. ಸೂರಕ್ಕಿಗಳೂ ಬರುತ್ತವೆ. ಜಡಿಮಳೆಯಲ್ಲಿ ಚಿಟ್ಟೆ ಹಾರುವುದಿಲ್ಲ. ಹಾಗಾಗಿ ಕೊಡಗಿನಲ್ಲಿ ಮಳೆ ಬಿಟ್ಟ ಸೆಪ್ಟೆಂಬರ್ ಬಿಸಿಲಿನ ಹೂಗಳು ಕಾಯಿ ಕಟ್ಟಲು ತುಂಬಾ ಮುಖ್ಯ. ತೋಟಗಳಲ್ಲಿ ಮಳೆಯ ನಂತರದ ಕಳೆ ಕಡಿಯುವುದೂ ಅದೇ ದಿನಗಳಲ್ಲಿ.

ಕಾಲ್ಚಿಸಿನ್ ವಿಷ ಅಂತೀರಿ, ಮತ್ತೆ ಮಾತ್ರೆ ಹೇಗೆ ಮಾಡ್ತಾರೆ?

ಜೀವಕೋಶ ಎರಡಾಗುವಾಗ ಒಳಗೆ ಸೂಕ್ಷ್ಮ ನಾಳಗಳು ಕಟ್ಟಿಕೊಂಡು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ಕಾಲ್ಚಿಸಿನ್ ಆ ನಾಳಗಳು ಕಟ್ಟದಂತೆ ತಡೆಯುತ್ತದೆ. ಬೇಗ ಬೇಗ ವಿಭಜನೆಯಾಗುವ ಕರುಳು, ಮೂಳೆಮಜ್ಜೆ, ಕೂದಲ ಬುಡಕ್ಕೆ ಮೊದಲು ಹೊಡೆತ ಬೀಳುವುದು ಅದಕ್ಕೇ. ಮಿಲಿಗ್ರಾಂ ಲೆಕ್ಕದಲ್ಲಿ, ವೈದ್ಯರ ಕಣ್ಣಡಿಯಲ್ಲಿ ಕೊಟ್ಟರೆ ಗೌಟ್ ಎಂಬ ಕೀಲುನೋವಿನ ಉರಿಯೂತ ಇಳಿಯುತ್ತದೆ. ಸಸ್ಯ ತಳಿ ವಿಜ್ಞಾನಿಗಳು ವರ್ಣತಂತುಗಳನ್ನು ದುಪ್ಪಟ್ಟು ಮಾಡಲು ಇದನ್ನೇ ಬಳಸುತ್ತಾರೆ. ಬೀಜವಿಲ್ಲದ ಕಲ್ಲಂಗಡಿ ಬಂದದ್ದು ಈ ದಾರಿಯಲ್ಲೇ.

ಅಷ್ಟು ಬೆಲೆ ಇದ್ರೆ ಕೊಡಗಿನಲ್ಲೂ ಬೆಳೆ ತೆಗೀಬಹುದಲ್ವಾ?

ತಮಿಳುನಾಡಿನ ಒಣಭೂಮಿಯ ಜಿಲ್ಲೆಗಳಲ್ಲಿ ರೈತರು ಚಪ್ಪರಕ್ಕೆ ಹಬ್ಬಿಸಿ, ಬೆಳಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ ಬೀಜ ತೆಗೆಯುತ್ತಾರೆ. ಕೈ ಹಾಕದಿದ್ದರೆ ಕಾಯಿ ಕಟ್ಟುವುದು ಕಡಿಮೆ. ನಮ್ಮ ಮಳೆಯಲ್ಲಿ ಆ ಕೆಲಸ ಆಗುವುದಿಲ್ಲ, ಗೆಡ್ಡೆ ಕೊಳೆರೋಗವೂ ಜಾಸ್ತಿ. ಬೆಳೆ ಶುರು ಮಾಡಲು ನೆಡುವ ಗೆಡ್ಡೆಯನ್ನು ಕಾಡಿನಿಂದ ಅಗೆದು ತರುವ ಆಸೆಯೂ ಹುಟ್ಟುತ್ತದೆ. ಬೇಡ ಎಂದೇ ನನ್ನ ಸಲಹೆ.

ನಮ್ಮ ಪಂಚಾಯಿತಿಯಿಂದ ಏನಾದ್ರೂ ಮಾಡಿಸಬಹುದಾ?

ಮಾಡಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಳಕೆಯನ್ನೆಲ್ಲ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಮೊದಲು ಆ ದಾಖಲೆ ತೆಗೆಸಿ ನೋಡಿ. ತೋಕ್ ಪೂ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಕೈಲ್‌ಪೊಳ್ದ್‌ನ ಬಳಕೆಯನ್ನೂ ಜತೆಗೆ ಬರೆಸಿ.

ಎರಡನೆಯದು ರಸ್ತೆ ಬದಿ. ಮಳೆಗಾಲದಲ್ಲಿ ಪಂಚಾಯಿತಿ ರಸ್ತೆಗಳ ಪೊದೆ ಕಡಿಸುವ ಕೆಲಸ ಯಾವ ತಿಂಗಳಲ್ಲಿ ಎಂದು ಗ್ರಾಮಸಭೆಯಲ್ಲಿ ಕೇಳಿ. ತಿರುವುಗಳಲ್ಲಿ ಗಾಡಿ ಕಾಣಲು ಕಡಿಯಲೇಬೇಕು, ಅದನ್ನು ತಡೆಯಬೇಡಿ. ನೇರ ರಸ್ತೆಯ ಬರೆಗಳನ್ನು ಡಿಸೆಂಬರ್ ತನಕ ಬಿಡಿ ಎಂದು ಕೇಳಿದರೆ ಪಂಚಾಯಿತಿಗೆ ಖರ್ಚೇನೂ ಇಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಹತ್ತಿರ ಇರುವವರು ಅಲ್ಲಿಯ ಅಧ್ಯಾಪಕರನ್ನು ಗ್ರಾಮಸಭೆಗೆ ಕರೆದು ಮಾತಾಡಿಸಿ. ಅರ್ಜಿಯ ಜತೆ ಬಳ್ಳಿ ಇರುವ ಜಾಗದ ಕೈನಕ್ಷೆಯೊಂದನ್ನು ಇಟ್ಟುಕೊಂಡು ಹೋಗಿ. ಕಡಿಯುವ ಗುತ್ತಿಗೆದಾರರಿಗೆ ಅದನ್ನು ತೋರಿಸಿ, ಪ್ರತಿ ವಾಪಸ್ ಪಡೆದುಕೊಳ್ಳಿ.